ತಣಿದ ಹಬೆಯ ಬಲ

ಜೇಮ್ಸ್ ವಾಟ್ ಎಂಬ ಹುಡುಗ ಒಲೆಯ ಮುಂದೆ ಕುಳಿತಿದ್ದ, ಕೆಟಲಿನ ಮುಚ್ಚಳ ಹಬೆಯ ಒತ್ತಡಕ್ಕೆ ಕುಣಿಯುವುದನ್ನು ಕಂಡ, ದೊಡ್ಡವನಾಗಿ ಉಗಿಯಂತ್ರವನ್ನು ಕಂಡುಹಿಡಿದ. ಈ ಕಥೆಯನ್ನು ಪ್ರಾಥಮಿಕ ಶಾಲೆಯಲ್ಲಿ ಕೇಳದವರು ಕಡಿಮೆ. ಕಥೆ ಸೊಗಸಾಗಿದೆ, ಆದರೆ ಅದರಲ್ಲಿ ಎರಡು ತಪ್ಪುಗಳಿವೆ. ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ಡಡ್ಲಿ ಕೋಟೆಯ ಬಳಿಯ ಕಲ್ಲಿದ್ದಲ ಗಣಿಯೊಂದರಲ್ಲಿ ಉಗಿಯಂತ್ರ ನೀರೆತ್ತತೊಡಗಿತ್ತು. ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ಗಣಿಯ ಆ ಯಂತ್ರವನ್ನಾಗಲಿ, ವಾಟನಿಗೆ ಕೀರ್ತಿ ತಂದ ಯಂತ್ರವನ್ನಾಗಲಿ ಮುಖ್ಯವಾಗಿ ನಡೆಸಿದ್ದು ಹಬೆಯ ನೂಕುಬಲವಲ್ಲ. ಹಬೆ ತಣಿದು ನೀರಾದಾಗ ಅದು ಬಿಟ್ಟುಹೋಗುವ ಖಾಲಿ ಜಾಗ, ಅಂದರೆ ನಿರ್ವಾತ, ಅವುಗಳನ್ನು ನಡೆಸುತ್ತಿತ್ತು.

ಕುಣಿಯುವ ಮುಚ್ಚಳಕ್ಕಿಂತ ಅಂಟಿಕೊಂಡ ಮುಚ್ಚಳವೇ ಇಲ್ಲಿ ಸರಿಯಾದ ಉದಾಹರಣೆ. ಕುದಿಯುವ ಸಾರನ್ನು ಸ್ಟೀಲ್ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚಳ ಒತ್ತಿಡಿ. ಎರಡು ಗಂಟೆ ಬಿಟ್ಟು ತೆಗೆಯಹೋದರೆ ಅದು ಜಪ್ಪಯ್ಯ ಎಂದರೂ ಬರುವುದಿಲ್ಲ. ಒಳಗೆ ತುಂಬಿದ್ದ ಹಬೆ ಅಷ್ಟರಲ್ಲಿ ಹನಿಗಳಾಗಿ ಇಳಿದಿರುತ್ತದೆ. ಒಂದು ಲೋಟ ನೀರು ಪೂರ್ತಿ ಹಬೆಯಾದರೆ ಸುಮಾರು 1,600 ಲೋಟಗಳಿಗೂ ಮಿಕ್ಕ ಜಾಗ ಹಿಡಿಯುತ್ತದೆ. ಅದೇ ಹಬೆ ತಿರುಗಿ ನೀರಾದರೆ ಅಷ್ಟೂ ಜಾಗ ಬರಿದು. ಹೊರಗಿನ ವಾಯುಮಂಡಲವೋ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಂತೆ ಎಲ್ಲವನ್ನೂ ಸದಾ ಒತ್ತುತ್ತಲೇ ಇರುತ್ತದೆ. ಒಳಗಿನಿಂದ ಎದುರು ಒತ್ತುವವರಿಲ್ಲದಾಗ ಅದರ ಭಾರ ನಮಗೆ ತಿಳಿಯುತ್ತದೆ. ಡಬ್ಬಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮುಚ್ಚಳ ಸಡಿಲವಾಗುತ್ತದೆಂಬ ಉಪಾಯ ಗೊತ್ತಿರುವ ಗೃಹಿಣಿಯರಿಗೆ ಉಗಿಯಂತ್ರದ ಅರ್ಧ ಶಾಸ್ತ್ರ ಗೊತ್ತಿದೆ ಎಂದೇ ಹೇಳಬೇಕು.

ಡಡ್ಲಿಯ ಯಂತ್ರವನ್ನು ಕಟ್ಟಿದವನು ಡಾರ್ಟ್‌ಮತ್ ಊರಿನ ಥಾಮಸ್ ನ್ಯೂಕಮೆನ್, ಕಬ್ಬಿಣದ ಸಾಮಾನಿನ ವ್ಯಾಪಾರಿ. ಅವನ ಯಂತ್ರವನ್ನು ಊಹಿಸಿಕೊಳ್ಳಲು ನಮ್ಮ ಹಳ್ಳಿಯ ಏತವನ್ನು ನೆನೆದರೆ ಸಾಕು. ಎತ್ತರದಲ್ಲಿ ತೂಗುವ ದೊಡ್ಡ ತೊಲೆ, ಅದರ ಒಂದು ತುದಿಗೆ ಗಣಿಯೊಳಗೆ ಇಳಿಬಿಟ್ಟ ಪಂಪಿನ ಸರಳು. ಏತದ ಮೇಲೆ ಆಳು ನಡೆದಾಡುವ ಬದಲು ಇನ್ನೊಂದು ತುದಿಗೆ ಸಿಲಿಂಡರಿನೊಳಗೆ ಆಡುವ ಪಿಸ್ಟನ್ ಕಟ್ಟಿದೆ. ಸಿಲಿಂಡರಿನ ಬಾಯಿ ಮೇಲೆ ತೆರೆದಿರುತ್ತದೆ. ಪಂಪಿನ ಸರಳಿನ ಭಾರಕ್ಕೆ ಪಿಸ್ಟನ್ ಮೇಲೇರುತ್ತದೆ, ಅದರ ಕೆಳಗೆ ಬಾಯ್ಲರಿನ ಹಬೆ ತುಂಬಿಕೊಳ್ಳುತ್ತದೆ. ಆಗ ಹಬೆಯ ದಾರಿ ಮುಚ್ಚಿ ಸಿಲಿಂಡರಿನೊಳಕ್ಕೆ ತಣ್ಣೀರು ಚಿಮ್ಮಿಸುತ್ತಾರೆ. ಹಬೆ ಕ್ಷಣದಲ್ಲಿ ಕುಸಿಯುತ್ತದೆ, ವಾಯುಮಂಡಲ ಪಿಸ್ಟನನ್ನು ಕೆಳಕ್ಕೆ ತುಳಿಯುತ್ತದೆ, ಗಣಿಯ ನೀರು ಮೇಲೆ ಬರುತ್ತದೆ. ಡಡ್ಲಿಯ ಸಿಲಿಂಡರಿನ ಅಡ್ಡಳತೆ 21 ಅಂಗುಲ. ಪೂರ್ಣ ನಿರ್ವಾತ ಸಿಕ್ಕಿದ್ದರೆ ಪಿಸ್ಟನಿನ ಮೇಲೆ ಸುಮಾರು 2,300 ಕಿಲೋ ಭಾರ ಬೀಳುತ್ತಿತ್ತು. ನಿಜದಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಕಡಿಮೆ. ನಿಮಿಷಕ್ಕೆ ಹನ್ನೆರಡು ಸಲ ಅದು ತೂಗುತ್ತಿತ್ತು.

ಯಂತ್ರ ಒಳ್ಳೆಯದೇ, ಆದರೆ ಅದರ ಹಸಿವು ವಿಪರೀತ. ಕಲ್ಲಿದ್ದಲ ಗಣಿಯ ಬಾಯಲ್ಲಿ ಮಾರಾಟವಾಗದ ಪುಡಿ ರಾಶಿ ಬಿದ್ದಿರುತ್ತದೆ, ಅಲ್ಲಿ ಯಾರಿಗೂ ಚಿಂತೆಯಿರಲಿಲ್ಲ. ಕಲ್ಲಿದ್ದಲು ಇಲ್ಲದ ಊರಿನಲ್ಲಿ ಮಾತ್ರ ಅದನ್ನು ಸಾಕುವುದು ಬಿಳಿಯಾನೆಯನ್ನು ಸಾಕಿದಂತೆ.

1763-64ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪಾಠಕ್ಕೆಂದು ಇಟ್ಟಿದ್ದ ನ್ಯೂಕಮೆನ್ ಯಂತ್ರದ ಪುಟ್ಟ ಮಾದರಿಯೊಂದು ರಿಪೇರಿಗೆ ವಾಟನ ಕೈಗೆ ಬಂತು. ಅವನು ಅಲ್ಲಿ ಉಪಕರಣ ತಯಾರಕ. ರಿಪೇರಿಯಾದ ಮೇಲೂ ಮಾದರಿ ನಾಲ್ಕಾರು ಸಲ ತೂಗಿ ನಿಂತುಬಿಡುತ್ತಿತ್ತು, ಬಾಯ್ಲರಿನ ಹಬೆಯೆಲ್ಲ ಖಾಲಿ. ಇನ್ನೊಬ್ಬನಾಗಿದ್ದರೆ ದೊಡ್ಡ ಬಾಯ್ಲರ್ ಜೋಡಿಸಿ ಕೈತೊಳೆದುಕೊಳ್ಳುತ್ತಿದ್ದ. ವಾಟ್ ಹಬೆ ಎಲ್ಲಿ ಹೋಗುತ್ತಿದೆ ಎಂದು ಅಳೆಯಲು ಕುಳಿತ. ಸಿಲಿಂಡರ್ ಹಿಡಿಸುವುದಕ್ಕಿಂತ ಹಲವು ಪಟ್ಟು ಹೆಚ್ಚು ಹಬೆ ಪ್ರತಿ ಸಲವೂ ಒಳಗೆ ಹೋಗುತ್ತಿತ್ತು. ಕಾರಣ ಸರಳ: ಹಿಂದಿನ ಸಲ ತಣ್ಣೀರು ಬಿದ್ದು ಸಿಲಿಂಡರ್ ತಣ್ಣಗಾಗಿದೆ. ಹೊಸ ಹಬೆಯ ಬಹುಪಾಲು ಆ ಲೋಹವನ್ನು ಕಾಯಿಸುವುದಕ್ಕೇ ಮುಗಿಯುತ್ತದೆ. ಇಡ್ಲಿ ಬೆಂದೊಡನೆ ಪಾತ್ರೆಯನ್ನು ಬಾವಿಗೆ ಅದ್ದಿ, ಮತ್ತೆ ಒಲೆಗಿಟ್ಟು ಮುಂದಿನ ಒಬ್ಬೆ ಬೇಯಿಸಿದರೆ ಸೌದೆಯ ಗತಿ ಏನಾದೀತು, ಅದೇ ಗತಿ ಇಲ್ಲಿ.

ಇದರ ಜೊತೆಗೆ ಇನ್ನೊಂದು ಸಂಗತಿ ಅವನನ್ನು ಬೆರಗುಗೊಳಿಸಿತು. ಸ್ವಲ್ಪವೇ ಹಬೆಯನ್ನು ತಣ್ಣೀರಿಗೆ ಹಾಯಿಸಿದರೆ ಅದು ತನ್ನ ತೂಕದ ಆರು ಪಟ್ಟು ನೀರನ್ನು ಕುದಿಯುವ ಮಟ್ಟಕ್ಕೆ ತರುತ್ತಿತ್ತು. ಅದೇ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಇದರ ಗುಟ್ಟನ್ನು ಆಗಲೇ ಪಾಠ ಹೇಳುತ್ತಿದ್ದ. ನೀರು ಹಬೆಯಾಗುವಾಗ ಉಷ್ಣತಾಮಾಪಕಕ್ಕೆ ಕಾಣದಂತೆ ಅಪಾರ ಶಾಖವನ್ನು ನುಂಗಿಕೊಳ್ಳುತ್ತದೆ, ಹಬೆ ನೀರಾಗುವಾಗ ಅಷ್ಟನ್ನೂ ಕಕ್ಕುತ್ತದೆ. ಇದೇ ಗುಪ್ತೋಷ್ಣ, ಇಂದಿನ ಲೆಕ್ಕದಲ್ಲಿ ಗ್ರಾಮಿಗೆ ಸುಮಾರು 540 ಕ್ಯಾಲೊರಿ. ಕುದಿನೀರು ತಗುಲಿದ್ದಕ್ಕಿಂತ ಹಬೆ ತಗುಲಿದರೆ ಕೈ ಹೆಚ್ಚು ಸುಡುವುದು ಇದರಿಂದಲೇ. ಹಬೆ ಚರ್ಮದ ಮೇಲೆ ನೀರಾಗುತ್ತ ತನ್ನ ಗಂಟನ್ನೆಲ್ಲ ಅಲ್ಲೇ ಬಿಚ್ಚುತ್ತದೆ.

ಸಿಲಿಂಡರ್ ಸದಾ ಬಿಸಿಯಾಗಿರಬೇಕು, ಹಬೆ ಮಾತ್ರ ತಣ್ಣಗಾಗಬೇಕು. ಒಂದೇ ಪಾತ್ರೆಯಿಂದ ಎರಡನ್ನೂ ಬೇಡುವುದು ಹೇಗೆ? 1765ರ ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಎಂಬ ಬಯಲಿನಲ್ಲಿ ಅಡ್ಡಾಡುತ್ತಿದ್ದಾಗ ವಾಟನಿಗೆ ಉತ್ತರ ಹೊಳೆಯಿತು. ಪಾತ್ರೆಗಳು ಎರಡಿರಲಿ. ಕೆಲಸ ಮುಗಿಸಿದ ಹಬೆ ಸಿಲಿಂಡರಿನಿಂದ ಪಕ್ಕದ ಇನ್ನೊಂದು ತಣ್ಣನೆಯ ಪಾತ್ರೆಗೆ ನುಗ್ಗಿ ಅಲ್ಲಿ ನೀರಾಗಲಿ. ಅಲ್ಲಿ ಉಂಟಾದ ನಿರ್ವಾತ ಕೊಳವೆಯ ಮೂಲಕ ಸಿಲಿಂಡರಿಗೂ ಹರಡುತ್ತದೆ, ಸಿಲಿಂಡರಿಗೆ ಒಂದು ಹನಿ ತಣ್ಣೀರೂ ಸೋಕಬೇಕಿಲ್ಲ. ಈ ಎರಡನೆಯ ಪಾತ್ರೆಯೇ ಕಂಡೆನ್ಸರ್. ಹಬೆಯೊಡನೆ ಬಂದ ಗಾಳಿ ಅಲ್ಲಿ ಸೇರಿಕೊಂಡು ನಿರ್ವಾತವನ್ನು ಕೆಡಿಸದಂತೆ ಹೊರಗೆಳೆಯಲು ಒಂದು ಪಂಪು. ಇಂದು ನೋಡಿದರೆ ಇದರಲ್ಲಿ ಏನು ಮಹಾ ಎನ್ನಿಸಬಹುದು. ನ್ಯೂಕಮೆನ್ ಯಂತ್ರ ಬಂದು ಅರ್ಧ ಶತಮಾನ ಕಳೆದರೂ ಯಾರಿಗೂ ಹೊಳೆಯದಿದ್ದುದು ಇದೇ.

1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಹಣ ಹಾಕಿದ್ದ ಜಾನ್ ರೋಬಕ್ ದಿವಾಳಿಯೆದ್ದ. ಅವನ ಪಾಲನ್ನು ಕೊಂಡ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ 1775ರಲ್ಲಿ ಪಾರ್ಲಿಮೆಂಟಿನಿಂದ ಪೇಟೆಂಟನ್ನು 1800ರವರೆಗೆ ವಿಸ್ತರಿಸಿಕೊಂಡ. ಮೊದಲ ಯಂತ್ರಗಳು ನಡೆದದ್ದು 1776ರಲ್ಲಿ.

ಒಳ್ಳೆಯ ಗಿರಾಕಿಗಳು ಸಿಕ್ಕಿದ್ದು ಕಾರ್ನ್‌ವಾಲ್‌ನಲ್ಲಿ. ಅಲ್ಲಿ ತಾಮ್ರ, ತವರದ ಆಳವಾದ ಗಣಿಗಳಿದ್ದವು, ಕಲ್ಲಿದ್ದಲು ಮಾತ್ರ ಹಡಗಿನಲ್ಲಿ ವೇಲ್ಸಿನಿಂದ ಬರಬೇಕು. ಬೋಲ್ಟನ್ ಮತ್ತು ವಾಟ್ ಹಾಕಿದ ಕರಾರು ವಿಚಿತ್ರವಾಗಿತ್ತು. ನ್ಯೂಕಮೆನ್ ಯಂತ್ರ ಅಷ್ಟೇ ಕೆಲಸಕ್ಕೆ ಎಷ್ಟು ಕಲ್ಲಿದ್ದಲು ತಿನ್ನುತ್ತಿತ್ತು, ನಮ್ಮದು ಎಷ್ಟು ತಿನ್ನುತ್ತದೆ, ಉಳಿತಾಯದ ಬೆಲೆಯಲ್ಲಿ ಮೂರನೆಯ ಒಂದು ಪಾಲು ನಮಗೆ. ತೊಲೆ ಎಷ್ಟು ಸಲ ತೂಗಿತೆಂದು ಎಣಿಸುವ ಸಲಕರಣೆಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೊದಮೊದಲು ಗಣಿಯವರು ಸಂತೋಷವಾಗಿಯೇ ಒಪ್ಪಿದರು. ವರ್ಷಗಳು ಕಳೆದಂತೆ ಹಳೆಯ ಯಂತ್ರದ ನೆನಪು ಮಾಸಿತು, ಕಂತು ಮಾತ್ರ ತಪ್ಪಲಿಲ್ಲ. ಸುಡದೆ ಇದ್ದ ಕಲ್ಲಿದ್ದಲಿಗೆ ದುಡ್ಡು ತೆರುವುದು ಯಾರಿಗೆ ತಾನೇ ಹಿಡಿಸೀತು? ಎಡ್ವರ್ಡ್ ಬುಲ್, ಹಾರ್ನ್‌ಬ್ಲೋವರ್ ಸೋದರರು ತಮ್ಮದೇ ಯಂತ್ರಗಳನ್ನು ಕಟ್ಟಿದರು. ಆದರೆ ಹಬೆಯನ್ನು ಬೇರೆ ಪಾತ್ರೆಯಲ್ಲಿ ತಣಿಸಿದರೆ ಯಾವ ಬಗೆಯ ಯಂತ್ರವಾದರೂ ವಾಟನ ಪೇಟೆಂಟಿನ ಬಲೆಗೆ ಬೀಳುತ್ತಿತ್ತು. ವರ್ಷಗಟ್ಟಲೆ ಕೋರ್ಟಿನಲ್ಲಿ ನಡೆದ ವ್ಯಾಜ್ಯ 1799ರಲ್ಲಿ ವಾಟನ ಪರವಾಗಿ ಮುಗಿಯಿತು, ಪೇಟೆಂಟಿಗೆ ಒಂದೇ ವರ್ಷ ಉಳಿದಿದ್ದಾಗ. ಆ ಪೇಟೆಂಟ್ ತಂತ್ರಜ್ಞಾನವನ್ನು ಬೆಳೆಸಿತೋ ತಡೆಯಿತೋ ಎಂದು ಇತಿಹಾಸಕಾರರು ಇಂದಿಗೂ ಜಗಳವಾಡುತ್ತಾರೆ. ನನಗನಿಸುವಂತೆ ಆರಂಭದಲ್ಲಿ ಬೆಳೆಸಿತು, ಕೊನೆಯ ಹತ್ತು ವರ್ಷ ತಡೆಯಿತು.

ಕಂಡೆನ್ಸರಿನ ತಂಟೆಯೇ ಬೇಡ ಎಂದವನು ಕಾರ್ನ್‌ವಾಲ್‌ನವನೇ ಆದ ರಿಚರ್ಡ್ ಟ್ರೆವಿಥಿಕ್. ಹಬೆಯ ಒತ್ತಡವನ್ನೇ ಹಲವು ಪಟ್ಟು ಏರಿಸಿದರೆ ಅದು ಪಿಸ್ಟನನ್ನು ತಾನೇ ನೂಕುತ್ತದೆ, ಆಮೇಲೆ ಅದನ್ನು ಗಾಳಿಗೆ ಬಿಟ್ಟರಾಯಿತು. ಇಂಥ ಒತ್ತಡ ಅಪಾಯಕರವೆಂದು ವಾಟ್ ಅದನ್ನು ಒಪ್ಪಿರಲಿಲ್ಲ. ಆದರೆ ಯಂತ್ರ ಚಿಕ್ಕದಾಯಿತು, ಹಗುರವಾಯಿತು, 1804ರಲ್ಲಿ ಹಳಿಯ ಮೇಲೆ ಓಡಿಯೂ ಬಿಟ್ಟಿತು. ಕೆಟಲಿನ ಮುಚ್ಚಳದ ಕಥೆ ಒಪ್ಪುವುದಾದರೆ ಟ್ರೆವಿಥಿಕ್ಕನಿಗೆ ಒಪ್ಪೀತು. ಕನ್ನಡದಲ್ಲಿ ಉಗಿ ಎಂದರೆ ಹಬೆಯೂ ಹೌದು, ಉಗುಳು ಎಂದೂ ಹೌದು. ರೈಲಿನ ಉಗಿಬಂಡಿಗೆ ಎರಡೂ ಅರ್ಥ ಸಲ್ಲುತ್ತವೆ. ಮಕ್ಕಳ ಚುಕುಬುಕು ಎಂಬ ಸದ್ದು ಬಳಸಿದ ಹಬೆಯನ್ನು ಹೊಗೆಕೊಳವೆಯಲ್ಲಿ ಉಗುಳುವ ಸದ್ದು. ಇದು ಬರೀ ದುಂದಲ್ಲ. ಹಾಗೆ ರಭಸದಿಂದ ಏರುವ ಹಬೆ ಒಲೆಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಬೆಂಕಿಗೆ ತಿದಿ ಒತ್ತಿದಂತೆ ಗಾಳಿ ಸಿಗುತ್ತದೆ. ಬಂಡಿ ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿ ಹೆಚ್ಚು ಉರಿಯುತ್ತದೆ. ಇದಕ್ಕೆ ತೆತ್ತ ಬೆಲೆ ನೀರು. ಉಗಿಬಂಡಿಯ ಕಾಲದಲ್ಲಿ ಎಂಜಿನ್ ನಿಲ್ದಾಣದ ನೀರಿನ ಕೊಳವೆಯ ಕೆಳಗೆ ನಿಂತು ಟ್ಯಾಂಕು ತುಂಬಿಸಿಕೊಳ್ಳುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು.

ನೀರೇ ಇಲ್ಲದ ಕಡೆ? ದಕ್ಷಿಣ ಆಫ್ರಿಕದ ಕರೂ ಎಂಬ ಒಣನಾಡಿನಲ್ಲಿ ಈ ಪ್ರಶ್ನೆ ಎದ್ದಿತು. 1953ರಿಂದ 1955ರ ನಡುವೆ ಅಲ್ಲಿನ ರೈಲ್ವೆ 25ನೇ ವರ್ಗದ 90 ಎಂಜಿನ್‌ಗಳನ್ನು ತರಿಸಿತು. ಇವುಗಳ ಹಿಂದಿನ ಉದ್ದನೆಯ ಗಾಡಿ ಒಂದು ಬೃಹತ್ ರೇಡಿಯೇಟರ್. ಬಳಸಿದ ಹಬೆ ಅಲ್ಲಿಗೆ ಹೋಗಿ, ಫ್ಯಾನುಗಳ ಗಾಳಿಗೆ ನೀರಾಗಿ, ಬಾಯ್ಲರಿಗೆ ಮರಳುತ್ತಿತ್ತು. ಇಲ್ಲಿ ಕಂಡೆನ್ಸರ್ ಇದ್ದದ್ದು ನಿರ್ವಾತಕ್ಕಾಗಿ ಅಲ್ಲ, ನೀರಿಗಾಗಿ. ಶೇಕಡಾ 90ರಷ್ಟು ನೀರು ಉಳಿಯುತ್ತಿತ್ತು. ಆದರೆ ಹೊಗೆಕೊಳವೆಯ ತಿದಿ ನಿಂತುಹೋಯಿತಲ್ಲ, ಅದಕ್ಕೆ ಬದಲಾಗಿ ಹೊಗೆಯನ್ನು ಎಳೆಯುವ ಪ್ರತ್ಯೇಕ ಫ್ಯಾನು ಬೇಕಾಯಿತು. ಕಿಡಿ, ಬೂದಿ ಬಡಿದು ಅದರ ರೆಕ್ಕೆಗಳು ಸವೆಯುತ್ತಿದ್ದವು. ಡೀಸೆಲ್, ವಿದ್ಯುತ್ ಎಂಜಿನ್‌ಗಳು ಬಂದ ಮೇಲೆ 1970ರ ದಶಕದಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಸಾಮಾನ್ಯ ಎಂಜಿನ್‌ಗಳಾಗಿ ಮಾರ್ಪಡಿಸಿದರು. ಕಂಡೆನ್ಸರ್ ಇದ್ದಷ್ಟು ದಿನ ಅವು ಚುಕುಬುಕು ಎನ್ನಲಿಲ್ಲ, ಒಂದೇ ಸಮ ಗುಂಯ್‌ಗುಟ್ಟುತ್ತಿದ್ದವು.

ಹಡಗಿನವರ ಕಷ್ಟ ಬೇರೆ ತೆರನಾದದ್ದು. ಸುತ್ತ ನೀರೋ ನೀರು, ಆದರೆ ಉಪ್ಪು. ಹಬೆಯ ಮೇಲೆ ನೇರವಾಗಿ ಸಮುದ್ರದ ನೀರು ಚಿಮ್ಮಿಸುವ ಹಳೆಯ ಕಂಡೆನ್ಸರಿನಲ್ಲಿ ಎರಡೂ ಬೆರೆತು, ಬಾಯ್ಲರಿಗೆ ಉಪ್ಪುನೀರೇ ಹೋಗುತ್ತಿತ್ತು, ಒಳಗೆ ಉಪ್ಪು ಹೆಪ್ಪುಗಟ್ಟುತ್ತಿತ್ತು. 1834ರಲ್ಲಿ ಸ್ಯಾಮ್ಯುಯೆಲ್ ಹಾಲ್ ಹಬೆಯನ್ನೂ ತಣ್ಣೀರನ್ನೂ ಕೊಳವೆಗಳ ಗೋಡೆಯಿಂದ ಬೇರ್ಪಡಿಸಿದ. ಅದು ರೂಢಿಗೆ ಬರಲು 1860ರ ದಶಕವೇ ಆಗಬೇಕಾಯಿತು. ಅಂದಿನಿಂದ ಬಾಯ್ಲರಿನ ಸಿಹಿನೀರು ಹಬೆಯಾಗಿ, ನೀರಾಗಿ, ಮತ್ತೆ ಹಬೆಯಾಗಿ ಸುತ್ತುತ್ತಲೇ ಇರುವಂತಾಯಿತು.

ಉಗಿಯಂತ್ರದ ಕಾಲ ಮುಗಿಯಿತೆಂದು ನಾವು ತಿಳಿದಿದ್ದೇವೆ. ಪಿಸ್ಟನಿನ ಕಾಲ ಮುಗಿದಿರಬಹುದು, ಹಬೆಯದಲ್ಲ. 1884ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತಯಾರಿಸಿದ ಟರ್ಬೈನಿನ ವಂಶಜರು ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲೂ ಕೈಗಾದ ಅಣು ವಿದ್ಯುತ್ ಸ್ಥಾವರದಲ್ಲೂ ಇವೆ. ಒಂದು ಕಡೆ ಕಲ್ಲಿದ್ದಲು, ಇನ್ನೊಂದು ಕಡೆ ಯುರೇನಿಯಂ. ಹಬೆ ಹುಟ್ಟುವ ಬಗೆ ಬೇರೆ, ಅದು ಮುಗಿಯುವ ಬಗೆ ಒಂದೇ: ಸಾವಿರಾರು ಕೊಳವೆಗಳ ಒಂದು ಕಂಡೆನ್ಸರ್. ಅಲ್ಲಿ ಒತ್ತಡ ವಾಯುಮಂಡಲದ ಹತ್ತನೆಯ ಒಂದು ಭಾಗದ ಆಸುಪಾಸು, ಹಬೆ ನೀರಾಗುವುದು ಸುಮಾರು 45 ಡಿಗ್ರಿಯಲ್ಲಿ. ಟರ್ಬೈನಿನ ಕೊನೆಯಲ್ಲಿ ಈ ನಿರ್ವಾತ ಇಲ್ಲದಿದ್ದರೆ ಅದೇ ಕಲ್ಲಿದ್ದಲಿನಿಂದ ಸಿಗುವ ವಿದ್ಯುತ್ ಬಹಳ ತಗ್ಗುತ್ತದೆ.

ಬ್ಲ್ಯಾಕ್ ಹೇಳಿದ ಗುಪ್ತೋಷ್ಣ ಇಲ್ಲಿ ಸಾಲಗಾರನಂತೆ ಬಂದು ನಿಲ್ಲುತ್ತದೆ. ಕಲ್ಲಿದ್ದಲಿನ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕಂಡೆನ್ಸರಿನಲ್ಲಿ ಹೊರಬೀಳುತ್ತದೆ, ಅದನ್ನು ಯಾರಾದರೂ ಹೊತ್ತೊಯ್ಯಬೇಕು. ಕೈಗಾದಲ್ಲಿ ಆ ಕೆಲಸ ಕಾಳಿ ನದಿಯ ಕದ್ರಾ ಜಲಾಶಯದ ನೀರಿನದು, ರಾಯಚೂರಿನಲ್ಲಿ ಕೃಷ್ಣೆಯದು. ದೊಡ್ಡ ಕೂಲಿಂಗ್ ಟವರುಗಳ ಬಾಯಲ್ಲಿ ಕಾಣುವ ಬಿಳಿ ಮೋಡವನ್ನು ಹೊಗೆಯೆಂದು ತಿಳಿಯುವವರಿದ್ದಾರೆ. ಅದು ಕಂಡೆನ್ಸರಿನ ಶಾಖವನ್ನು ಹೊತ್ತು ಆವಿಯಾಗಿ ಹೋಗುತ್ತಿರುವ ನೀರು. ಒಳಗೆ ಒಂದು ಕಿಲೋ ಹಬೆ ನೀರಾಗಬೇಕಾದರೆ ಹೊರಗೆ ಅರ್ಧ ಕಿಲೋಗಿಂತ ಹೆಚ್ಚು ನೀರು ಆವಿಯಾಗಬೇಕು. 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಆಗ ಇದ್ದ ಸ್ಥಾವರಗಳಿಗೆ ಒಂದು ಮಿತಿ ಹಾಕಿತು: ಪ್ರತಿ ಯೂನಿಟ್ ವಿದ್ಯುತ್ತಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಬಳಸಕೂಡದು. ಮರು ವರ್ಷದ ಮಾರ್ಚಿನಲ್ಲೇ ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಗಂಗೆಯ ಕಾಲುವೆ ಇಳಿದು, 2,100 ಮೆಗಾವಾಟಿನ ಸ್ಥಾವರವನ್ನು ನಿಲ್ಲಿಸಬೇಕಾಯಿತು.

ಜಾರ್ಖಂಡಿನ ಉತ್ತರ ಕರಣಪುರದಲ್ಲಿ ಎನ್‌ಟಿಪಿಸಿ ಬೇರೆ ದಾರಿ ಹಿಡಿದಿದೆ. 2023ರಲ್ಲಿ ಅಲ್ಲಿನ ಮೊದಲ 660 ಮೆಗಾವಾಟ್ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅದರಲ್ಲಿ ಹಬೆ ನೀರಾಗುವುದು ನದಿಯ ನೀರಿನಿಂದಲ್ಲ, ಕರೂವಿನ ಎಂಜಿನ್‌ಗಳಂತೆ ಫ್ಯಾನುಗಳ ಗಾಳಿಯಿಂದ. ಹೀಗಾಗಿ ಇಂಥ ಸ್ಥಾವರಕ್ಕೆ ಸಾಮಾನ್ಯ ಸ್ಥಾವರಕ್ಕಿಂತ ಬಹಳ ಕಡಿಮೆ ನೀರು ಸಾಕು. ಆದರೆ ಆ ಫ್ಯಾನುಗಳಿಗೆ ಸ್ಥಾವರವೇ ವಿದ್ಯುತ್ ಕೊಡಬೇಕು. ಬೇಸಿಗೆಯ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ದಾಟಿದಾಗ ಹಬೆ ಸರಿಯಾಗಿ ತಣಿಯದೆ ನಿರ್ವಾತ ಸಡಿಲವಾಗುತ್ತದೆ, ಅಷ್ಟೇ ವಿದ್ಯುತ್ತಿಗೆ ಹೆಚ್ಚು ಕಲ್ಲಿದ್ದಲು ಸುಡಬೇಕಾಗುತ್ತದೆ.