ಕೊರಗುತ್ತಾ ಕೂರದೆ ತಿದ್ದಿಕೊಂಡು ಬಾಳೋಣ



ಸಂಘದ ಸಭೆ ಮುಗಿದು ಪುಸ್ತಕ ಮಡಚಿಟ್ಟ ಮೇಲೆ ನಮ್ಮ ಮಾತು ಎಷ್ಟೋ ಸಲ ಹಳೆಯ ನೋವಿನ ಕಡೆಗೇ ಹೊರಳುತ್ತದೆ. "ಮಗಳನ್ನು ಏಳನೇ ಕ್ಲಾಸಿಗೇ ಶಾಲೆ ಬಿಡಿಸಿಬಿಟ್ಟೆ." "ಜಾಗದ ಪಾಲಿಗಾಗಿ ತಂಗಿ ಹತ್ರ ಮಾತು ಬಿಟ್ಟು ಹತ್ತು ವರ್ಷ ಆಯ್ತು." "ಅತ್ತೆ ಹಾಸಿಗೆ ಹಿಡಿದಾಗ ಸರಿಯಾಗಿ ನೋಡ್ಕೊಳ್ಳಲಿಲ್ಲ." ಇಂಥ ಕೊರಗು ಯಾರಿಗಿಲ್ಲ ಹೇಳಿ?

ಸಾಲದ ಕಂತು ತಪ್ಪಿದ ಸದಸ್ಯೆ ನಾಚಿಕೆಯಿಂದ ಸಭೆಗೇ ಬರದಿದ್ದರೆ ಬಾಕಿ ಕರಗುವುದಿಲ್ಲ, ಬೆಳೆಯುತ್ತದೆ. ಅದೇ ಅವಳು ಬಂದು, "ಅಕ್ಕಾ, ಪೂರ್ತಿ ಆಗಲಿಲ್ಲ, ಇಷ್ಟು ತಂದಿದ್ದೀನಿ" ಎಂದರೆ ದಾರಿ ಸಿಗುತ್ತದೆ. ಮನಸ್ಸಿನ ಬಾಕಿಯೂ ಹಾಗೆಯೇ. ಒಳಗೇ ಕೊರಗಿದರೆ ಭಾರ ಹೆಚ್ಚುತ್ತದೆ. ಒಪ್ಪಿಕೊಂಡು ತಿದ್ದಲು ಹೊರಟರೆ ಅದೇ ಪಶ್ಚಾತ್ತಾಪ.

ಶುಭಸಂದೇಶ ಏನು ಕಲಿಸುತ್ತದೆ?

ಯೇಸುಸ್ವಾಮಿಯ ಶಿಷ್ಯರಲ್ಲಿ ಇಬ್ಬರು ಒಂದೇ ರಾತ್ರಿ ತಪ್ಪಿದರು. ಯೂದನು ಗುರುವನ್ನು ಹಿಡಿದುಕೊಟ್ಟ. ಪೇತ್ರನು ಅವರನ್ನು ತಿಳಿದೇ ಇಲ್ಲವೆಂದು ಮೂರು ಸಲ ಹೇಳಿದ. ಇಬ್ಬರೂ ಮರುಗಿದರು. ಯೂದನು 30 ಬೆಳ್ಳಿ ನಾಣ್ಯಗಳನ್ನೂ ಹಿಂದಿರುಗಿಸಿದ. ಆದರೆ ಯೇಸುವಿನ ಬಳಿಗೆ ಮರಳದೆ, ನಿರಾಶೆಯಲ್ಲಿ ಪ್ರಾಣ ಕಳೆದುಕೊಂಡ. ಪೇತ್ರನು ಅತ್ತ, ಆದರೂ ಉಳಿದ ಶಿಷ್ಯರನ್ನು ಬಿಟ್ಟು ಹೋಗಲಿಲ್ಲ. ಪುನರುತ್ಥಾನದ ನಂತರ ಯೇಸು ಅವನನ್ನು ಬೈಯಲಿಲ್ಲ. ನನ್ನ ಮೇಲೆ ಪ್ರೀತಿ ಇದೆಯೇ ಎಂದು ಮೂರು ಸಲ ಕೇಳಿ, ತಮ್ಮ ಕುರಿಗಳನ್ನು ಮೇಯಿಸುವ ಹೊಣೆ ಕೊಟ್ಟರು. ಬಿದ್ದವನಿಗೇ ದೊಡ್ಡ ಕೆಲಸ ಸಿಕ್ಕಿತು!

ಲೂಕನ ಶುಭಸಂದೇಶದ 19ನೇ ಅಧ್ಯಾಯದಲ್ಲಿ ಬರುವ ಸುಂಕದವನಾದ ಜಕ್ಕಾಯ ಇನ್ನೂ ಒಂದು ಹೆಜ್ಜೆ ತೋರಿಸುತ್ತಾನೆ. ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಪಾಪನಿವೇದನೆಯಲ್ಲೂ ಇದೇ ಕ್ರಮವಿದೆ: ಮನಮರುಗಬೇಕು, ಬಾಯಿಬಿಟ್ಟು ಹೇಳಬೇಕು, ಪ್ರಾಯಶ್ಚಿತ್ತ ಮಾಡಬೇಕು.

ಎಲ್ಲ ಕೊರಗೂ ಪಾಪವಲ್ಲ

ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಗಂಡ ಕುಡಿದು ಹೊಡೆದರೆ ಅದು ಹೆಂಡತಿಯ ತಪ್ಪಲ್ಲ. ಮಗು ಕಾಯಿಲೆಯಿಂದ ತೀರಿಕೊಂಡರೆ ತಾಯಿಯ ಪಾಪದ ಫಲವಲ್ಲ. ಇಂಥ ನೋವಿಗೆ ಪಾಪನಿವೇದನೆ ಬೇಕಿಲ್ಲ, ಸಾಂತ್ವನ ಮತ್ತು ಆಸರೆ ಬೇಕು. ಹೊಡೆತ ಬಡಿತ ನಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಕೌಟುಂಬಿಕ ದೌರ್ಜನ್ಯ ತಡೆಯಲು 2005ರ ಕಾಯ್ದೆಯೂ ಇದೆ.

ತಿದ್ದಲು ಆಗುವುದು, ಆಗದಿರುವುದು

ತಂಗಿ ಬದುಕಿದ್ದಾಳೆ ಅಂದರೆ ಇವತ್ತೇ ಫೋನ್ ಮಾಡಬಹುದು. ಓದು ಬಿಟ್ಟ ಮಗಳು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಬಹುದು. ಆದರೆ ಅತ್ತೆ ತೀರಿಕೊಂಡಿದ್ದಾರೆ, ಈಗೇನು ಮಾಡುವುದು? ನವೆಂಬರ್ 2ರ ಮೃತರ ಸ್ಮರಣೆಯ ದಿನವಷ್ಟೇ ಅಲ್ಲ, ಯಾವತ್ತೂ ಅವರಿಗಾಗಿ ಪ್ರಾರ್ಥಿಸಬಹುದು. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ಒಂದು ಲೋಟ ಗಂಜಿ ಕೊಡಬಹುದು. ಅವರಿಗೆ ಮಾಡಲಾಗದ್ದನ್ನು ಇವರಿಗೆ ಮಾಡಿದರೆ ದೇವರು ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ದಿನಕ್ಕೆ ಹತ್ತು ನಿಮಿಷ

ಸಂತ ಇಗ್ನೇಷಿಯಸ್ ಲೊಯೋಲಾ ಸೈನ್ಯದಲ್ಲಿ ಹೆಸರು ಮಾಡುವ ಕನಸು ಕಂಡವರು. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು, ಹಾಸಿಗೆಯಲ್ಲಿದ್ದಾಗ ತಮ್ಮ ಬಾಳನ್ನು ಹಿಂತಿರುಗಿ ನೋಡಿದರು. ಅವರು ಕಲಿಸಿದ ಆತ್ಮಶೋಧನೆಯನ್ನು ರಾತ್ರಿ ಮಲಗುವ ಮುಂಚೆ ನಾವೂ ಮಾಡಬಹುದು:

1. ಇವತ್ತು ಸಿಕ್ಕಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಿ.
2. ಸರಿಯಾಗಿ ನೋಡಲು ಬೆಳಕು ಕೇಳಿ.
3. ಬೆಳಗಿನಿಂದ ನಡೆದದ್ದನ್ನು ನೆನೆಯಿರಿ.
4. ತಪ್ಪಿದ್ದಕ್ಕೆ ಕ್ಷಮೆ ಕೇಳಿ.
5. ನಾಳೆ ತಿದ್ದುವ ಒಂದೇ ಒಂದು ಕೆಲಸ ನಿರ್ಧರಿಸಿ.

ಮೊದಲು ಬರುವುದು ಕೃತಜ್ಞತೆ ಎನ್ನುವುದನ್ನು ಗಮನಿಸಿ. ನಮ್ಮ ಬಾಳಿನ ಪುಸ್ತಕದಲ್ಲಿ ಬರೀ ಬಾಕಿಯಲ್ಲ, ಜಮೆಯೂ ಇದೆ. ಬೇರೆ ಧರ್ಮದ ನಮ್ಮ ಅಕ್ಕತಂಗಿಯರೂ ತಮ್ಮ ನಂಬಿಕೆಯ ಪ್ರಕಾರ ಇದನ್ನು ಮಾಡಬಹುದು.

ಮುಂದಿನ ಸಭೆಗೆ: ಈ ತಿಂಗಳು ಯಾರ ಜೊತೆ ಮಾತು ಸರಿಮಾಡಿಕೊಳ್ಳಬೇಕು? ಪ್ರತಿಯೊಬ್ಬರೂ ಒಂದು ಹೆಸರು ಮನಸ್ಸಿನಲ್ಲೇ ಇಟ್ಟುಕೊಂಡು ಪ್ರಾರ್ಥಿಸಿ, ಮೊದಲ ಹೆಜ್ಜೆ ಇಡೋಣ.