ಊರಿಗೊಂದು ಫ್ಲೂ ಕಾಲ

ಮಳೆ ಹಿಡಿದ ಮೇಲೆ ‘ದೇಶದಲ್ಲಿ ಇಷ್ಟು ಫ್ಲೂ ಪ್ರಕರಣ’ ಎಂಬ ಅಂಕಿ ಸುದ್ದಿಯಾಗುತ್ತದೆ. ಆ ಅಂಕಿಯಿಂದ ತಿಳಿಯುವುದು ಬಹಳ ಕಡಿಮೆ. ಜ್ವರ, ಕೆಮ್ಮು ಬಂದವರಲ್ಲಿ ಬಹುಪಾಲು ಜನ ಕಷಾಯ ಕುಡಿದು, ಮಾತ್ರೆ ನುಂಗಿ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಾರೆ. ಆಸ್ಪತ್ರೆಗೆ ಹೋದವರಲ್ಲೂ ಪರೀಕ್ಷೆಯಾಗುವುದು ಕೆಲವರಿಗಷ್ಟೇ. ಪರೀಕ್ಷೆ ಹೆಚ್ಚಿಸಿದರೆ ಪ್ರಕರಣ ಹೆಚ್ಚುತ್ತದೆ, ನಿಲ್ಲಿಸಿದರೆ ರೋಗವೇ ಹೋದಂತೆ ಕಾಣುತ್ತದೆ. ನಮಗೆ ಬೇಕಾದದ್ದು ಯಾವ ಊರಿನಲ್ಲಿ, ಯಾವ ವಾರ, ಯಾವ ಬಗೆಯ ವೈರಸ್ ಏರುತ್ತಿದೆ ಎಂಬ ಲೆಕ್ಕ.

ಅದಕ್ಕೆ ಎಲ್ಲರನ್ನೂ ಪರೀಕ್ಷಿಸಬೇಕಿಲ್ಲ. ಗೊತ್ತುಮಾಡಿದ ಕೆಲವು ಆಸ್ಪತ್ರೆಗಳಲ್ಲಿ ವರ್ಷವಿಡೀ ಒಂದೇ ಕ್ರಮ ಪಾಲಿಸಿದರಾಯಿತು. 38 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಜೊತೆಗೆ ಕೆಮ್ಮು, ಕಾಯಿಲೆ ಶುರುವಾಗಿ 10 ದಿನ ಮೀರಿರಬಾರದು: ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. ಇಂಥವರ ಮೂಗು, ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಅದು ಫ್ಲೂ ಹೌದೋ ಅಲ್ಲವೋ, ಹೌದಾದರೆ ಎಚ್1ಎನ್1, ಎಚ್3ಎನ್2, ಬಿ ಇವುಗಳಲ್ಲಿ ಯಾವುದು ಎಂದು ಪತ್ತೆಯಾಗುತ್ತದೆ. ನೂರು ಮಾದರಿಗಳಲ್ಲಿ ಫ್ಲೂ ಎಷ್ಟು ಎಂಬ ಪ್ರಮಾಣ ವಾರದಿಂದ ವಾರಕ್ಕೆ ಏರಿತೇ, ಇಳಿಯಿತೇ ಎಂಬುದೇ ನಿಜವಾದ ಸೂಚನೆ. ಬೆರಳೆಣಿಕೆಯ ಆಸ್ಪತ್ರೆಗಳಿಂದ ಇಷ್ಟು ದೊಡ್ಡ ದೇಶದ ಸ್ಥಿತಿ ತಿಳಿದೀತೇ ಎಂದು ಕೇಳಬಹುದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಆದರೆ ಅದು ಅದೇ ಪಾತ್ರೆಯದಾಗಿರಬೇಕು. ಭಾರತ ಒಂದೇ ಪಾತ್ರೆಯಲ್ಲ.

2009ರಿಂದ 2013ರವರೆಗೆ ದೇಶದ 10 ಕೇಂದ್ರಗಳಲ್ಲಿ ನಡೆದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಶ್ರೀನಗರದಲ್ಲಿ ಫ್ಲೂ ಉಲ್ಬಣಿಸಿದ್ದು ಜನವರಿಯಿಂದ ಮಾರ್ಚ್‌ವರೆಗಿನ ಚಳಿಯಲ್ಲಿ. ದೆಹಲಿ, ಪುಣೆ, ಕೋಲ್ಕತ್ತ, ಅಲಪ್ಪುಳಗಳಲ್ಲಿ ಮುಂಗಾರಿನ ತಿಂಗಳುಗಳಲ್ಲಿ. ಚೆನ್ನೈ, ವೆಲ್ಲೂರುಗಳಲ್ಲಿ ಹಿಂಗಾರು ಸುರಿಯುವ ಅಕ್ಟೋಬರ್-ನವೆಂಬರಿನಲ್ಲಿ. ಇವನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬರುವ ಗೆರೆ ಯಾವ ಊರಿಗೂ ಹೊಂದುವುದಿಲ್ಲ. ಫ್ಲೂ ಎಂದರೆ ಚಳಿಗಾಲದ ಕಾಯಿಲೆ ಎಂಬ ತಿಳಿವಳಿಕೆ ಯುರೋಪು, ಅಮೆರಿಕಗಳಿಗೆ ಸರಿ; ನಮ್ಮಲ್ಲಿ ಅದನ್ನೇ ನಂಬಿ ಚಳಿಗಾಲದ ಹೊಸ್ತಿಲಲ್ಲಿ ಲಸಿಕೆ ಹಾಕಿಸಿದರೆ, ಹೆಚ್ಚಿನ ಊರುಗಳಲ್ಲಿ ಅಷ್ಟರಲ್ಲಿ ಅಲೆ ಬಂದು ಹೋಗಿರುತ್ತದೆ.

ಇಷ್ಟೆಲ್ಲ ಶ್ರಮವೇಕೆ, ಜನ ಅಂತರ್ಜಾಲದಲ್ಲಿ ಹುಡುಕುವ ಪದಗಳಿಂದಲೇ ಲೆಕ್ಕ ಹಾಕಬಹುದಲ್ಲ ಎಂಬ ವಾದವೂ ಇದೆ. ಗೂಗಲ್ 2008ರಲ್ಲಿ ಅದನ್ನೇ ಮಾಡಿತು. 2012-13ರ ಚಳಿಗಾಲದಲ್ಲಿ ಅದರ ಅಂದಾಜು ಅಮೆರಿಕದ ವೈದ್ಯರು ಕಂಡ ಪ್ರಮಾಣದ ಸುಮಾರು ಎರಡು ಪಟ್ಟಾಯಿತು. 2015ರಲ್ಲಿ ಆ ಸೇವೆ ನಿಂತಿತು. ಜನರ ಆತಂಕ ಹೆಚ್ಚಿದಾಗ ಹುಡುಕಾಟವೂ ಹೆಚ್ಚುತ್ತದೆ. ಮಾದರಿಯಲ್ಲಿನ ವೈರಸ್ ಮಾತ್ರ ಸುದ್ದಿ ಓದುವುದಿಲ್ಲ. ಮೇಲಾಗಿ, ವರ್ಷಕ್ಕೆರಡು ಸಲ, ಫೆಬ್ರುವರಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಪ್ರಯೋಗಾಲಯಗಳು ಕಂಡ ವೈರಸ್‌ಗಳನ್ನು ಆಧರಿಸಿಯೇ.

ವಾರದಲ್ಲಿ ಹೋಗುವ ಜ್ವರಕ್ಕೆ ಇಷ್ಟು ಖರ್ಚೇ ಎನ್ನುವವರು ವೃದ್ಧರನ್ನು, ಗರ್ಭಿಣಿಯರನ್ನು, ಹೃದಯ ಮತ್ತು ಶ್ವಾಸಕೋಶದ ತೊಂದರೆಯಿರುವವರನ್ನು ಮರೆತಿರುತ್ತಾರೆ. ಅವರಲ್ಲಿ ಇದೇ ಜ್ವರ ನ್ಯುಮೋನಿಯಾಕ್ಕೆ ತಿರುಗಿ ಜೀವ ತೆಗೆಯಬಲ್ಲದು. ಲಸಿಕೆಯ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಮುಂಗಾರಿನಲ್ಲೇ ಫ್ಲೂ ಏರುವ ಊರುಗಳಿಗೆ ಆ ಅಧ್ಯಯನ ಸೂಚಿಸಿದ ಸಮಯ ಏಪ್ರಿಲ್-ಮೇ. ಮನೆಯಲ್ಲಿ ಹಿರಿಯರಿದ್ದರೆ ಮಳೆ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ.