ಒಂದೇ ಹೊಂಡದಲ್ಲಿ ದೇಶಿ ಮೀನು, ಪರದೇಶಿ ಮೀನು

“ಕಾಟ್ಲಾ ಇರೋ ಹೊಂಡಕ್ಕೆ ಹೊರದೇಶದ ಗೆಂಡೆ ಬಿಟ್ಟರೆ ಒಂದನ್ನೊಂದು ತಿನ್ನೋದಿಲ್ವಾ?” ಹೊಂಡ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ಇದು. ತಿನ್ನೋದಿಲ್ಲ. ಆದರೆ ಯಾವುದನ್ನು, ಎಷ್ಟು ಬಿಡಬೇಕು ಅಂತ ಗೊತ್ತಿರಬೇಕು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆ ನಂಬಿದ ಜಮೀನು. ಶೇಂಗಾ, ರಾಗಿ, ತೊಗರಿ ಬೆಳೆ. ಹೊಂಡ 100 ಅಡಿ ಉದ್ದ, 100 ಅಡಿ ಅಗಲ, 10 ಅಡಿ ಆಳ. ಅಡಿಗೆ ಪ್ಲಾಸ್ಟಿಕ್ ಹಾಳೆ ಇದೆ. ತುಂಬಿದಾಗ ನೀರಿನ ಮೈ ಸುಮಾರು 9 ಗುಂಟೆ.

ಒಬ್ಬೊಬ್ಬರದು ಒಂದೊಂದು ಜಾಗ

ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತೆ. ರೋಹು ನಡುವೆ. ಮೃಗಾಲ್ ತಳದಲ್ಲಿ. ಈ ಮೂರೂ ನಮ್ಮ ದೇಶದವೇ, ಆದರೆ ಮೂಲ ಗಂಗಾ ನದಿಯ ಬಯಲು. ಹೊರಗಿನಿಂದ ಬಂದವು ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ. ಹುಲ್ಲುಗೆಂಡೆ, ಬೆಳ್ಳಿಗೆಂಡೆ ನಮ್ಮ ದೇಶಕ್ಕೆ ಬಂದಿದ್ದು 1959ರಲ್ಲಿ.

ಹುಲ್ಲುಗೆಂಡೆ ಹುಲ್ಲು, ಅಜೋಲ್ಲಾ ತಿನ್ನುತ್ತೆ. ಅದರ ಅರೆಜೀರ್ಣ ಹಿಕ್ಕೆ ನೀರಿಗೆ ಗೊಬ್ಬರ, ತಳದ ಮೀನಿಗೆ ಮೇವು. ಸಾಮಾನ್ಯ ಗೆಂಡೆ ತಳದಲ್ಲಿ ಸಿಕ್ಕಿದ್ದೆಲ್ಲ ತಿನ್ನುತ್ತೆ. ಮಣ್ಣಿನ ಹೊಂಡವಾದರೆ ಏರಿ ಕೆದಕಿ ನೀರು ರಾಡಿ ಮಾಡುತ್ತೆ. ಅಂಥಲ್ಲಿ ಕಡಿಮೆ ಬಿಡಿ. ಬೆಳ್ಳಿಗೆಂಡೆ ಕಾಟ್ಲಾದ ಮೇವಿಗೇ ಪೈಪೋಟಿ. ಹಿಡಿದ ಮೇಲೆ ಬೇಗ ಕೆಡುತ್ತೆ ಕೂಡ. ನಾನು ಬಿಡೋದಿಲ್ಲ.

ಲೆಕ್ಕ

ಎಕರೆಗೆ 2000 ಮರಿ, ಅಂದ್ರೆ ಗುಂಟೆಗೆ 50. ನನ್ನ 9 ಗುಂಟೆಗೆ 450. ಕಾಟ್ಲಾ 135, ರೋಹು 115, ಮೃಗಾಲ್ 90, ಸಾಮಾನ್ಯ ಗೆಂಡೆ 65, ಹುಲ್ಲುಗೆಂಡೆ 45. ಕಣ್ಣಿಗೆ ನೀರು ಖಾಲಿ ಅನ್ನಿಸಿದರೂ ಹೆಚ್ಚು ಬಿಡಬೇಡಿ. ಎಲ್ಲವೂ ಬೆರಳುಗಾತ್ರದಲ್ಲೇ ಉಳಿಯುತ್ತವೆ.

ಮರಿ 3-4 ಅಂಗುಲ ಇರಲಿ. ತಂದ ಚೀಲವನ್ನು ಕಟ್ಟಿದಂತೆಯೇ ಹೊಂಡದಲ್ಲಿ 15-20 ನಿಮಿಷ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರು ಸ್ವಲ್ಪ ಸ್ವಲ್ಪ ಸೇರಿಸಿ. ಮರಿಗಳು ತಾವಾಗಿ ಹೊರಗೆ ಈಜಿ ಹೋಗಲಿ.

ಪ್ಲಾಸ್ಟಿಕ್ ತಳದಲ್ಲಿ ಮಣ್ಣಿನ ಸಾರ ಸಿಗೋದಿಲ್ಲ. ಶೇಂಗಾ ಹಿಂಡಿ, ಅಕ್ಕಿ ತೌಡು ಸಮ ಸಮ ನೆನೆಸಿ, ತೂತು ಮಾಡಿದ ಗೋಣಿಚೀಲದಲ್ಲಿ ಇಳಿಬಿಡುತ್ತೇನೆ. ಮರುದಿನ ಚೀಲದಲ್ಲಿ ಉಳಿದಿದ್ದರೆ ಅವತ್ತು ಹಾಕೋದಿಲ್ಲ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ನೀರಲ್ಲಿ ಉಸಿರು ಸಾಲದು ಅಂತ ಅರ್ಥ. ಮೋಡ ಮುಚ್ಚಿದ ದಿನಗಳಲ್ಲಿ ಇದು ಜಾಸ್ತಿ. ಸಗಣಿ, ಹಿಂಡಿ ನಿಲ್ಲಿಸಿ. ಪಂಪು ಹಚ್ಚಿ ಹೊಂಡದ ನೀರನ್ನು ಹೊಂಡಕ್ಕೇ ಎತ್ತರದಿಂದ ಸುರಿಸಿ.

ಇವನ್ನು ಬಿಡಬೇಡಿ

ನಮ್ಮ ಕೊರವ, ಬಾಳೆಮೀನು ದೇಶಿಯೇ. ಆದರೂ ಅವು ಬೇಟೆ ಮೀನು, ಮರಿಗಳನ್ನು ನುಂಗುತ್ತವೆ. ದೇಶಿ ಅಂದ ಮಾತ್ರಕ್ಕೆ ಸಾಧು ಅಲ್ಲ.

ಆಫ್ರಿಕಾದ ಕ್ಯಾಟ್‌ಫಿಶ್ ಸಾಕಲೇಬಾರದು, ಅದಕ್ಕೆ ನಿಷೇಧ ಇದೆ. ಥಾಯ್ ಮಾಗುರ್ ಅಂತ ಹೇಳಿ ಮಾರಲು ಬಂದರೂ ತಗೊಳ್ಳಬೇಡಿ. ತಿಲಾಪಿಯಾ 1952ರಲ್ಲಿ ದೇಶಕ್ಕೆ ಬಂತು. ನಿಂತ ನೀರಲ್ಲೇ ಪದೇ ಪದೇ ಮರಿ ಹಾಕಿ ಹೊಂಡ ತುಂಬುತ್ತೆ, ಬೇರೆ ಮೀನಿಗೆ ಮೇವಿಲ್ಲ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮರಿ ಹಾಕೋದಿಲ್ಲ. ಹಾಗಾಗಿ ನಮ್ಮ ಲೆಕ್ಕ ತಪ್ಪೋದಿಲ್ಲ. ಸಾಮಾನ್ಯ ಗೆಂಡೆ ಮಾತ್ರ ಜೊಂಡಿಗೆ ಮೊಟ್ಟೆ ಅಂಟಿಸುತ್ತೆ. ಜೊಂಡು ಕಿತ್ತುಬಿಡಿ.

ನನ್ನ ಹೊಂಡ ತುಂಬಿದರೆ ನೀರು ಹಳ್ಳ ಹಿಡಿದು ಊರ ಕೆರೆ ಸೇರುತ್ತೆ. ಕೆರೆಗೆ ಹೋದ ಮೀನನ್ನು ವಾಪಸ್ ಹಿಡಿಯಲಾಗದು. ಕೆರೆಯ ಮೀನು ಹಿಡಿದೇ ಬದುಕುವ ಮನೆಗಳಿವೆ. ಅದಕ್ಕೇ ನೀರು ಹೊರಹೋಗುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೇನೆ. ಮಳೆಗಾಲದಲ್ಲಿ ಕಸ ಕಟ್ಟದಂತೆ ದಿನಾ ನೋಡಬೇಕು.

ಬೆಳೆ ಮೊದಲು

ಹೊಂಡ ತೋಡಿದ್ದು ಬೆಳೆಗೆ. ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ನೀರು ಶೇಂಗಾಕ್ಕೇ ಹೋಗಬೇಕು. ಮೀನಿಗಾಗಿ ಬೆಳೆ ಒಣಗಿಸಿದರೆ ಮನೆ ನಡೆಯೋದಿಲ್ಲ. ಹೊಂಡದ ಗೋಡೆಗೆ ಬಣ್ಣದಲ್ಲಿ 4 ಅಡಿಯ ಗೆರೆ ಎಳೆದಿದ್ದೇನೆ. ನೀರು ಆ ಗೆರೆಗೆ ಇಳಿದ ದಿನ ದೊಡ್ಡ ಮೀನು ಹಿಡಿಯಲು ಶುರು. ಹೊಂಡ ತುಂಬಿದ ಮೇಲೆ ಮರಿ ಬಿಟ್ಟರೆ, ಬಿಸಿಲು ಬಲಿಯುವ ಮುಂಚೆ ಹಿಡಿದು ಮುಗಿಸಬೇಕು. ಒಂದೇ ದಿನ ಎಲ್ಲ ಹಿಡಿದರೆ ವ್ಯಾಪಾರಿ ಹೇಳಿದ್ದೇ ದರ. ವಾರಕ್ಕೊಮ್ಮೆ ಬೇಕಾದಷ್ಟು ಹಿಡಿದು ಏರಿಯ ಮೇಲೇ ಮಾರಿ. ತಳದ ರಾಡಿ ನೀರನ್ನೂ ಚೆಲ್ಲಬೇಡಿ, ತೊಗರಿ ಸಾಲಿಗೆ ಬಿಡಿ, ಒಳ್ಳೇ ಗೊಬ್ಬರ.